ಗೇಟಿನ ಪಕ್ಕದ ಲೋಟ

ನಮ್ಮ ಮನೆಯ ಗೇಟಿನ ಒಳಗಡೆ, ನೀರಿನ ಮೀಟರಿನ ಪೆಟ್ಟಿಗೆಯ ಮೇಲೆ, ಬಹಳ ವರ್ಷ ಒಂದು ಹಸಿರು ಪ್ಲಾಸ್ಟಿಕ್ ಲೋಟ ಇತ್ತು. ಅದರ ವಿಷಯ ಬರೆಯಬೇಕು ಅಂತ ಮೂರು ವರ್ಷದಿಂದ ಅಂದುಕೊಳ್ಳುತ್ತಲೇ ಇದ್ದೇನೆ. ನಾಚಿಕೆ ಅಡ್ಡ ಬರುತ್ತಿತ್ತು. ಈಗ ಮೊಮ್ಮಗಳು, "ಅಜ್ಜಿ, ನೀವು ಬರೀದಿದ್ರೆ ನಾನೇ ಬರೀತೀನಿ" ಅಂತ ಹೆದರಿಸಿದ್ದಾಳೆ. ಅವಳು ಬರೆದರೆ ಇರುವ ಅಷ್ಟಿಷ್ಟು ಮಾನವೂ ಹೋದೀತು. ಅದಕ್ಕೇ ನಾನೇ ಕೂತಿದ್ದೇನೆ.

ನಾವಿರುವುದು ಬೆಂಗಳೂರಿನ ಉತ್ತರಕ್ಕೆ, ವಿದ್ಯಾರಣ್ಯಪುರದಲ್ಲಿ. ದುರ್ಗಾಪರಮೇಶ್ವರಿ ದೇವಸ್ಥಾನಕ್ಕೆ ಬಂದವರು ಈ ಊರನ್ನು ನೋಡಿರುತ್ತೀರಿ. ಆ ಕಡೆ ದೊಡ್ಡಬೊಮ್ಮಸಂದ್ರದ ಕೆರೆ, ಈ ಕಡೆ ತಿಂಡ್ಲು. ಇಲ್ಲಿನ ಬಡಾವಣೆಗಳ ಹೆಸರು ಕೇಳಿದರೇ ಯಾರು ಬಂದು ನೆಲೆಸಿದ ಜಾಗ ಎಂಬುದು ತಿಳಿಯುತ್ತದೆ: ಬಿಇಎಲ್ ಲೇಔಟ್, ಎಚ್‌ಎಂಟಿ ಲೇಔಟ್. ಕಾರ್ಖಾನೆಗಳಲ್ಲಿ ದುಡಿದು, ಸಾಲ ಮಾಡಿ, ಮೂವತ್ತು ನಲವತ್ತರ ಸೈಟಿನಲ್ಲಿ ಮನೆ ಕಟ್ಟಿಕೊಂಡವರು ಈ ಕಡೆ ಬೀದಿಗೊಬ್ಬರಾದರೂ ಸಿಗುತ್ತಾರೆ. ನಾನೂ ಅವರಲ್ಲೊಬ್ಬಳು. ಒಂದು ಸಾರ್ವಜನಿಕ ಕಾರ್ಖಾನೆಯಲ್ಲಿ ಮೂವತ್ತೈದು ವರ್ಷ ಕೂತು, ಸಣ್ಣ ಸಣ್ಣ ತಂತಿಗಳಿಗೆ ಬೆಸುಗೆ ಹಾಕಿದವಳು.

ನಮ್ಮ ಬೀದಿಗೆ ಬೆಳಗಾಗುವುದು ಕೋಳಿ ಕೂಗಿನಿಂದ ಅಲ್ಲ, ಪೊರಕೆಯ ಸದ್ದಿನಿಂದ. ಏಳು ಗಂಟೆಯ ಹೊತ್ತಿಗೆ ಸರ್... ಸರ್... ಅಂತ ಶುರುವಾಗುತ್ತದೆ. ನಾನು ಹಾಲಿನ ಪ್ಯಾಕೆಟ್ ತರಲು ಗೇಟಿಗೆ ಬರುವಾಗ ಅವರು ನಮ್ಮ ಹೊಂಗೆಮರದ ಕೆಳಗೆ ಇರುತ್ತಾರೆ. ಎಲೆ, ಹೂವು, ರಾತ್ರಿ ಯಾರೋ ಎಸೆದ ಚಿಪ್ಸ್ ಪೊಟ್ಟಣ, ಎಲ್ಲ ಒಂದು ಗುಡ್ಡೆ. ಬಿಸಿಲು ಏರಿದಾಗ ಅವರು "ಅಮ್ಮ, ನೀರು" ಅಂದರೆ ನಾನು ತಂಬಿಗೆ ತಂದು, ಆ ಹಸಿರು ಲೋಟಕ್ಕೆ ಮೇಲಿಂದ ಸುರಿಯುತ್ತಿದ್ದೆ. ಕುಡಿದು, ತಾವೇ ತೊಳೆದು, ಮೀಟರಿನ ಪೆಟ್ಟಿಗೆಯ ಮೇಲೆ ಬೋರಲು ಹಾಕಿ ಹೋಗುತ್ತಿದ್ದರು. ಹೀಗೆ ಎಂಟು ವರ್ಷ. ಅವರ ಹೆಸರೇನೆಂದು ಒಮ್ಮೆಯೂ ಕೇಳಿರಲಿಲ್ಲ.

2022ರ ಜುಲೈ 1, ಶುಕ್ರವಾರ. ಪೊರಕೆಯ ಸದ್ದು ಕೇಳಲಿಲ್ಲ. ರಾಜ್ಯದ ಪೌರಕಾರ್ಮಿಕರು ಕೆಲಸ ನಿಲ್ಲಿಸಿ ಅನಿರ್ದಿಷ್ಟ ಮುಷ್ಕರಕ್ಕೆ ಕೂತಿದ್ದರು. ಶನಿವಾರದ ಹೊತ್ತಿಗೆ ಬೀದಿಯ ಕೊನೆಯ ಟ್ರಾನ್ಸ್‌ಫಾರ್ಮರ್ ಬುಡದಲ್ಲಿ ಕಸದ ಚೀಲಗಳು ಸೇರಿದವು. ಆಷಾಢದ ಗಾಳಿ ಬೇರೆ. ನಾಯಿಗಳು ಹರಿದು ಹಾಕಿದ್ದನ್ನೆಲ್ಲ ಗಾಳಿ ನಮ್ಮ ಗೇಟಿಗೆ ತಂದು ಒಪ್ಪಿಸುತ್ತಿತ್ತು. ಮೂಗಿಗೆ ಸೆರಗು ಹಿಡಿದು ನಾನು ಗೊಣಗಿದೆ: "ಇರೋ ಕೆಲಸ ಮಾಡ್ಕೊಂಡು ಸುಮ್ನಿರಕ್ಕೆ ಏನಂತೆ ಇವ್ರಿಗೆ?"

ಜಗಲಿಯಲ್ಲಿ ಮೊಮ್ಮಗಳು ಓದುತ್ತಾ ಕೂತಿದ್ದಳು. ಆಗ ಆರನೇ ಕ್ಲಾಸು. ತಲೆ ಎತ್ತಿ ಕೇಳಿದಳು: "ಅಜ್ಜಿ, ಪೌರಕಾರ್ಮಿಕ ಅಂದ್ರೆ, ನಮ್ ಪೌರನೀತಿ ಪಾಠದಲ್ಲಿರೋ ಪೌರನೇನಾ? ಇಲ್ಲ ಬೇರೆ ಪೌರನಾ?"

"ಅದೇ ಪದ ಕಣೇ. ಪುರದಲ್ಲಿ ಇರೋನು ಪೌರ."

"ಹಾಗಾದ್ರೆ ಅವ್ರಿಗೂ ಈ ಹಕ್ಕೆಲ್ಲ ಇದೆಯಾ? ಸಂಘ ಕಟ್ಟೋ ಹಕ್ಕು ಅಂತ ಇಲ್ಲಿದೆ ನೋಡಿ. ಅಪ್ಪ ಹೇಳ್ತಿದ್ರು, ನೀವೂ ಮುಷ್ಕರ ಮಾಡಿದ್ರಂತೆ. ಎಪ್ಪತ್ತೇಳು ದಿನ!"

ನಾನು ಏನೂ ಹೇಳದೆ ಒಳಗೆ ಹೋದೆ. ಒಲೆಯ ಮೇಲೆ ಹಾಲು ಇಟ್ಟಿದ್ದೇನೆಂಬ ನೆಪ ಹೇಳಿಕೊಂಡೆ. ನಿಜವಾಗಿ ಒಲೆಯ ಮೇಲೆ ಏನೂ ಇರಲಿಲ್ಲ.

ಆ ಎಪ್ಪತ್ತೇಳು ದಿನದ ಕಥೆ ಹೇಳುತ್ತೇನೆ. ಅಜ್ಜ ಅಜ್ಜಿಯರಿಗೆ ನೆನಪಿರುತ್ತದೆ, ಮಕ್ಕಳಿಗೆ ಗೊತ್ತಿರಲಾರದು. 1980ರ ಡಿಸೆಂಬರ್ ಕೊನೆಯಲ್ಲಿ ಬೆಂಗಳೂರಿನ ಎಚ್‌ಎಎಲ್, ಬಿಇಎಲ್, ಐಟಿಐ, ಎಚ್‌ಎಂಟಿ, ಬಿಇಎಂಎಲ್ ಮುಂತಾದ ಸಾರ್ವಜನಿಕ ಕಾರ್ಖಾನೆಗಳ ಕೆಲಸಗಾರರು ಒಟ್ಟಾಗಿ ಮುಷ್ಕರ ಹೂಡಿದರು. ಬಿಎಚ್‌ಇಎಲ್ ಕೆಲಸಗಾರರಿಗೆ ಸಿಗುವಷ್ಟು ಸಂಬಳ ನಮಗೂ ಬೇಕು ಎಂಬುದು ಕೋರಿಕೆ. ಅದು ಮುಗಿದದ್ದು 1981ರ ಮಾರ್ಚಿನಲ್ಲಿ. ನಾನಾಗ ಇಪ್ಪತ್ತೈದರ ಹುಡುಗಿ. ಮತ್ತಿಕೆರೆಯಲ್ಲಿ ಬಾಡಿಗೆ ಮನೆ, ಕಂಕುಳಲ್ಲಿ ಎರಡು ವರ್ಷದ ಮಗ. ಮೊದಲ ತಿಂಗಳು ಉತ್ಸಾಹದಲ್ಲಿ ಕಳೆಯಿತು. ಎರಡನೇ ತಿಂಗಳು ಬಳೆ ಅಡವಿಗೆ ಹೋಯಿತು. ಮೂರನೇ ತಿಂಗಳು, ಬೀದಿಯ ಮೂಲೆಯ ಶೆಟ್ಟರು ಅಕ್ಕಿ, ರಾಗಿ ಸಾಲ ಕೊಟ್ಟು ಉಳಿಸಿದರು. ಚೀಟಿಯಲ್ಲಿ ಬರೆದುಕೊಂಡರೇ ಹೊರತು ಬಾಯಲ್ಲಿ ಒಂದು ಮಾತು ಆಡಲಿಲ್ಲ.

ಮಾತು ಆಡಿದವರು ಪಕ್ಕದ ಮನೆಯವರು. ಒಂದು ಬೆಳಗ್ಗೆ ಬಾವಿಕಟ್ಟೆಯ ಹತ್ತಿರ ನನಗೆ ಕೇಳಿಸಲೆಂದೇ ಹೇಳಿದರು: "ಇರೋ ಕೆಲಸ ಮಾಡ್ಕೊಂಡು ಸುಮ್ನಿರಕ್ಕೆ ಏನಂತೆ ಇವ್ರಿಗೆ?"

ನೋಡಿ, ಅದೇ ಮಾತು. ಒಂದು ಅಕ್ಷರವೂ ಹೆಚ್ಚು ಕಡಿಮೆ ಇಲ್ಲ. ನಲವತ್ತೊಂದು ವರ್ಷ ನನ್ನ ಎದೆಯಲ್ಲಿ ಮುಳ್ಳಾಗಿದ್ದದ್ದು, ಈಗ ನನ್ನ ಬಾಯಿಂದಲೇ ಹೊರಗೆ ಬಂದಿತ್ತು. ಅವತ್ತು ನಾವು ಕೇಳಿದ್ದೆಲ್ಲ ನಮಗೆ ಸಿಗಲಿಲ್ಲ. ಆದರೂ ಮುಷ್ಕರ ಮುಗಿದ ಮೇಲೆ ನಾನು ಅದೇ ಬೆಂಚಿಗೆ ವಾಪಸು ಹೋದೆ. ಯಾಕೆಂದರೆ ನನ್ನದು ಕಾಯಂ ನೌಕರಿ. ನಮ್ಮ ಬೀದಿ ಗುಡಿಸುವವರಿಗೆ ಆ ಧೈರ್ಯ ಇರಲಿಲ್ಲ. ಅವರದು ಗುತ್ತಿಗೆ.

ಗುತ್ತಿಗೆ ಅಂದರೇನು? ಮೊಮ್ಮಗಳಿಗೆ ಹೇಳಿದ ಹಾಗೆಯೇ ನಿಮಗೂ ಹೇಳುತ್ತೇನೆ. ನಿಮ್ಮನ್ನು ಶಾಲೆಗೆ ಒಂದು ವರ್ಷಕ್ಕಲ್ಲ, ಒಂದೊಂದೇ ದಿನಕ್ಕೆ ಸೇರಿಸಿಕೊಳ್ಳುತ್ತಾರೆ ಅಂದುಕೊಳ್ಳಿ. ಸಂಜೆ ಬೆಲ್ ಹೊಡೆದಾಗ ಯಾರೋ ಒಬ್ಬರು ಬಂದು "ನೀನು ನಾಳೆಯಿಂದ ಬರಬೇಡ" ಅನ್ನಬಹುದು. ಕಾರಣ ಕೊಡಬೇಕಾಗಿಲ್ಲ. ಅಂಥ ಶಾಲೆಯಲ್ಲಿ ಫ್ಯಾನ್ ತಿರುಗುತ್ತಿಲ್ಲ ಅಂತ ಹೇಳುವ ಧೈರ್ಯ ನಿಮಗೆ ಬರುತ್ತದೆಯೇ? ಜ್ವರ ಬಂದರೆ ರಜೆ ಕೇಳುತ್ತೀರಾ? ಪಕ್ಕದವನಿಗೆ ಅನ್ಯಾಯವಾದರೆ ಎದ್ದು ನಿಲ್ಲುತ್ತೀರಾ? ಗುತ್ತಿಗೆಯ ಕಷ್ಟ ಇದೇ. ದುಡ್ಡು ಕಡಿಮೆ ಅನ್ನುವುದು ಅರ್ಧ ಕಷ್ಟ. ಬಾಯಿ ಬಿಡುವ ಹಾಗಿಲ್ಲ ಅನ್ನುವುದು ಉಳಿದರ್ಧ.

ಆ ಭಾನುವಾರ, ಜುಲೈ 3ರಂದು, ನಾನೂ ಮೊಮ್ಮಗಳೂ ಮೆಜೆಸ್ಟಿಕ್ ಬಸ್ಸು ಹತ್ತಿದೆವು. ಅಲ್ಲಿಂದ ಫ್ರೀಡಂ ಪಾರ್ಕಿಗೆ. ಅದು ಹಿಂದೆ ಬೆಂಗಳೂರಿನ ಸೆಂಟ್ರಲ್ ಜೈಲು. ತುರ್ತು ಪರಿಸ್ಥಿತಿಯ ಕಾಲದಲ್ಲಿ ದೊಡ್ಡ ದೊಡ್ಡ ನಾಯಕರನ್ನು ಕೂಡಿಹಾಕಿದ್ದ ಜಾಗ. ಈಗ ಜನ ತಮ್ಮ ಅಹವಾಲು ಹೇಳಿಕೊಳ್ಳಲು ಬಂದು ಕೂರುವ ಜಾಗ. ಕೈ ಚೀಲದಲ್ಲಿ ಎರಡು ಡಜನ್ ಬಾಳೆಹಣ್ಣು ತೆಗೆದುಕೊಂಡಿದ್ದೆ. ಬರಿಗೈಲಿ ಹೋಗಲು ಮುಜುಗರ.

ಅಲ್ಲಿ ನೋಡಿದರೆ ಹೆಂಗಸರೇ ಹೆಂಗಸರು. ಹಸಿರು ಕೋಟು ತೊಟ್ಟವರು, ಮಡಿಲಲ್ಲಿ ಕೂಸು ಇಟ್ಟುಕೊಂಡವರು, ನನ್ನಷ್ಟೇ ನರೆತ ಕೂದಲಿನವರು. ನೀಲಿ ಬಾವುಟ, ಕೆಂಪು ಬಾವುಟ, ಅಂಬೇಡ್ಕರ್ ಅವರ ಫೋಟೊ. ಬಿಬಿಎಂಪಿ ಪೌರಕಾರ್ಮಿಕರ ಸಂಘದಂಥ ಸಂಘಗಳು ವರ್ಷಗಟ್ಟಲೆ ಬೀದಿ ಬೀದಿಗೆ ಹೋಗಿ, ಹಾಜರಿ ಹಾಕುವ ಜಾಗಗಳಲ್ಲಿ ನಿಂತು, ಹೆದರಿದವರ ಜತೆ ಮಾತಾಡಿ ಇವರನ್ನೆಲ್ಲ ಒಟ್ಟಿಗೆ ತಂದಿದ್ದವು. ಆ ದಿನಗಳಲ್ಲಿ ಮುಖ್ಯಮಂತ್ರಿಯಾಗಿದ್ದ ಬಸವರಾಜ ಬೊಮ್ಮಾಯಿ ಅವರು ತಿಂಗಳಿಗೆ 2,000 ರೂಪಾಯಿ ಸಂಕಷ್ಟ ಭತ್ಯೆ ಕೊಡುವುದಾಗಿ ಹೇಳಿದ್ದರು. ನಾನಾಗಿದ್ದರೆ ಎದ್ದು ಮನೆಗೆ ಹೋಗುತ್ತಿದ್ದೆನೋ ಏನೋ. ಇವರು ಏಳಲಿಲ್ಲ. ಭತ್ಯೆ ಬೇರೆ, ಕಾಯಂ ಬೇರೆ ಅಂದರು.

ಆ ಜನಸಾಗರದಲ್ಲಿ ನಮ್ಮ ಬೀದಿಯವರನ್ನು ಹುಡುಕುವುದು ಹೇಗೆ? ಹೆಸರು ಗೊತ್ತಿದ್ದರೆ ತಾನೇ ಕೂಗುವುದು! "ನಮ್ಮ ಬೀದಿಯವರು" ಅಂತ ಕೇಳಿದರೆ ಯಾರು ಏನು ಹೇಳಬೇಕು? ಅಲ್ಲಿದ್ದವರೆಲ್ಲ ಯಾವುದೋ ಒಂದು ಬೀದಿಯವರೇ. ಬಾಳೆಹಣ್ಣಿನ ಚೀಲ ಹಿಡಿದು ಪೆಚ್ಚಾಗಿ ನಿಂತಿದ್ದೆ. ಕೊನೆಗೆ ಅವರೇ ನನ್ನನ್ನು ಗುರುತಿಸಿ ಕೂಗಿದರು: "ಹೊಂಗೆಮರದ ಅಮ್ಮ!"

ಅವರಿಗೂ ನನ್ನ ಹೆಸರು ಗೊತ್ತಿರಲಿಲ್ಲ. ಆದರೆ ಅವರು ನನಗೊಂದು ಹೆಸರು ಇಟ್ಟಿದ್ದರು. ನಾನು ಅಷ್ಟೂ ಮಾಡಿರಲಿಲ್ಲ.

ಅವತ್ತು ಹೆಸರು ಕೇಳಿದೆ. ಹೇಳಿದರು. ಇಲ್ಲಿ ಬರೆಯುತ್ತಿಲ್ಲ, "ಪೇಪರ್‌ನಲ್ಲೆಲ್ಲ ಬೇಡ ಕಣಮ್ಮ" ಅಂದಿದ್ದಾರೆ. ಅವರ ಪಕ್ಕ ಚಾಪೆಯ ಮೇಲೆ ಕೂತು ಒಂದು ಗಂಟೆ ಮಾತಾಡಿದೆವು. ಗಂಡ ತೀರಿಕೊಂಡ ಮೇಲೆ ಈ ಕೆಲಸಕ್ಕೆ ಬಂದರಂತೆ. ಮೊದಮೊದಲು ಒಬ್ಬ ಗುತ್ತಿಗೆದಾರನ ಕೈಕೆಳಗೆ ಇದ್ದರು. ಸಂಬಳ ಎಂದು ಬರುತ್ತದೆ, ಎಷ್ಟು ಬರುತ್ತದೆ ಎಂಬುದು ಅವನ ಮನಸ್ಸಿಗೆ ಬಿಟ್ಟದ್ದು. ಕೇಳಿದವರಿಗೆ ಮಾರನೇ ದಿನ ಪೊರಕೆ ಸಿಗುತ್ತಿರಲಿಲ್ಲ. ಮುಂದೆ ಸಂಘಗಳು ಹೋರಾಡಿ, 2018ರ ಹೊತ್ತಿಗೆ ಬೆಂಗಳೂರಿನಲ್ಲಿ ಬೀದಿ ಗುಡಿಸುವವರಿಗೆ ನಡುವೆ ಗುತ್ತಿಗೆದಾರನಿಲ್ಲದೆ ಪಾಲಿಕೆಯೇ ನೇರವಾಗಿ ಬ್ಯಾಂಕಿಗೆ ಸಂಬಳ ಹಾಕುವ ಏರ್ಪಾಡು ಬಂತು. "ನನ್ ಹೆಸ್ರಿಗೆ ಬಂದ ದುಡ್ಡು ನಾನೇ ಕಣ್ಣಾರೆ ನೋಡಿದ್ದು ಅವತ್ತೇ ಅಮ್ಮ" ಅಂದರು. ಆದರೂ ಕೆಲಸ ಕಾಯಂ ಆಗಿರಲಿಲ್ಲ. ಅದಕ್ಕಾಗಿಯೇ ಈ ಚಾಪೆ, ಈ ಗಾಳಿ, ಈ ಮಳೆಹನಿ.

ಅಲ್ಲಿ ಒಬ್ಬ ಹುಡುಗಿ ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಹಿಡಿದಿದ್ದಳು: "ನಾವೂ ಮನುಷ್ಯರು." ಅದನ್ನು ನೋಡುತ್ತಲೇ ನನಗೆ 1981ರ ಒಂದು ಗೇಟ್ ಮೀಟಿಂಗ್ ನೆನಪಾಯಿತು. ಕಾರ್ಖಾನೆಯ ಗೇಟಿನ ಮುಂದೆ ಸಂಘದವರು ನಿಂತು ಮಾತಾಡುವ ಸಭೆ ಅದು. ನಮ್ಮಲ್ಲಿ ಧೈರ್ಯ ಕುಂದುತ್ತಿದ್ದಾಗ ಹಿರಿಯರೊಬ್ಬರು ಅಮೆರಿಕದ ಒಂದು ಊರಿನ ಕಥೆ ಹೇಳಿದ್ದರು. ವಾಪಸು ಬರುವಾಗ ಬಸ್ಸಿನಲ್ಲಿ ಅದನ್ನೇ ಮೊಮ್ಮಗಳಿಗೆ ಹೇಳಿದೆ.

ಆ ಊರು ಮೆಂಫಿಸ್. ಅಲ್ಲಿ ಕಸ ಎತ್ತುವವರು ಬಹುಪಾಲು ಕಪ್ಪು ಜನ. ಕೂಲಿ ಕಡಿಮೆ, ಗೌರವ ಇನ್ನೂ ಕಡಿಮೆ. 1968ರ ಫೆಬ್ರವರಿ 1ರಂದು ಜೋರು ಮಳೆ. ಇಬ್ಬರು ಕೆಲಸಗಾರರು ಕಸದ ಲಾರಿಯ ಹಿಂಭಾಗದಲ್ಲಿ ಮಳೆಗೆ ಆಸರೆ ಪಡೆದಿದ್ದರು. ಕಸ ಅದುಮುವ ಯಂತ್ರ ಕೆಟ್ಟು ತಾನಾಗಿಯೇ ತಿರುಗಿತು. ಇಬ್ಬರೂ ಉಳಿಯಲಿಲ್ಲ. ಹಳೆಯ ಲಾರಿಗಳು ಅಪಾಯ ಎಂದು ಕೆಲಸಗಾರರು ಮೊದಲೇ ದೂರಿದ್ದರು. ಫೆಬ್ರವರಿ 12ರಂದು ಸುಮಾರು 1,300 ಜನ ಕೆಲಸಕ್ಕೆ ಹೋಗಲಿಲ್ಲ. ನಮ್ಮ ಸಂಘವನ್ನು ಒಪ್ಪಿಕೊಳ್ಳಿ, ಕೂಲಿ ಹೆಚ್ಚಿಸಿ, ಜೀವಕ್ಕೆ ಕಾವಲು ಕೊಡಿ ಎಂದರು. ದಿನಾ ಸಾಲಾಗಿ ಮೆರವಣಿಗೆ ಹೋಗುವಾಗ ಅವರ ಕೊರಳಲ್ಲಿ ತೂಗುತ್ತಿದ್ದ ಹಲಗೆಯ ಮೇಲೆ ಇದ್ದದ್ದು ಒಂದೇ ಮಾತು: ನಾನೊಬ್ಬ ಮನುಷ್ಯ.

ಅವರ ಬೆಂಬಲಕ್ಕೆ ಮಾರ್ಟಿನ್ ಲೂಥರ್ ಕಿಂಗ್ ಬಂದರು. ಗಾಂಧೀಜಿಯ ದಾರಿಯನ್ನು ಮೆಚ್ಚಿ, ಅದನ್ನು ನೋಡಿ ತಿಳಿಯಲು 1959ರಲ್ಲಿ ಭಾರತಕ್ಕೂ ಬಂದು ಹೋಗಿದ್ದವರು ಅವರು. 1968ರ ಏಪ್ರಿಲ್ 4ರಂದು ಅದೇ ಮೆಂಫಿಸ್‌ನಲ್ಲಿ ಅವರನ್ನು ಗುಂಡಿಕ್ಕಿ ಕೊಂದರು. ನಾಲ್ಕು ದಿನ ಕಳೆದು ಅವರ ಹೆಂಡತಿ ಕೊರೆಟ್ಟಾ ಅದೇ ಊರಿಗೆ ಬಂದು ಸಾವಿರಾರು ಜನರ ಮುಂದೆ ಮೌನವಾಗಿ ನಡೆದರು. ಏಪ್ರಿಲ್ 16ರಂದು ನಗರದ ಆಡಳಿತ ಸಂಘವನ್ನು ಒಪ್ಪಿಕೊಂಡಿತು, ಕೂಲಿಯೂ ಏರಿತು.

"ಕಸದ ಕೆಲಸದವ್ರಿಗೋಸ್ಕರ ಅಷ್ಟು ದೊಡ್ಡವ್ರು ಪ್ರಾಣ ಕೊಟ್ರಾ?" ಅಂದಳು ಮೊಮ್ಮಗಳು. ಆಮೇಲೆ ಕಿಟಕಿಯ ಆಚೆ ನೋಡುತ್ತಾ ಬಹಳ ಹೊತ್ತು ಸುಮ್ಮನಿದ್ದಳು. ಮತ್ತೆ ಕೇಳಿದ್ದು ನಾನು ಹೆದರುತ್ತಿದ್ದ ಪ್ರಶ್ನೆ.

"ಅಜ್ಜಿ, ಅವ್ರಿಗೆ ಯಾಕೆ ಬೇರೆ ಲೋಟ?"

"ಪ್ಲಾಸ್ಟಿಕ್ ಅಲ್ವಾ, ಹೊರಗಡೆ ಇದ್ರೂ ಯಾರೂ ಕದಿಯಲ್ಲ ಅಂತ..."

"ಕೊರಿಯರ್ ಅಂಕಲ್‌ಗೆ ಸ್ಟೀಲ್ ಲೋಟದಲ್ಲಿ ಕೊಡ್ತೀರಲ್ಲ?"

ಬಸ್ಸಿನಲ್ಲಿ ಒಲೆಯ ನೆಪ ಹೇಳುವಂತಿರಲಿಲ್ಲ. ಹಾಗಾಗಿ ನಿಜ ಹೇಳಿದೆ. ಬೆಂಗಳೂರಿನಲ್ಲಿ ಬೀದಿ ಗುಡಿಸುವವರು ಬಹುಪಾಲು ಹೆಂಗಸರು, ಬಹುಪಾಲು ದಲಿತರು. ಕೊಳೆ ತೆಗೆಯುವ ಕೆಲಸವನ್ನು ಕೆಲವು ಜಾತಿಗಳ ತಲೆಗೆ ಕಟ್ಟಿ, ಆ ಕೆಲಸ ಮಾಡಿದ್ದಕ್ಕೇ ಅವರನ್ನು ದೂರ ಇಟ್ಟ ಊರು ನಮ್ಮದು. ಚಿಕ್ಕಂದಿನಲ್ಲಿ ನಮ್ಮ ಹಳ್ಳಿಯ ಮನೆಯ ಹಿತ್ತಲ ಗೂಡಿನಲ್ಲಿ ಒಂದು ತೆಂಗಿನ ಚಿಪ್ಪು ಇರುತ್ತಿತ್ತು. ಅದು ಯಾರಿಗೆ ಅಂತ ನಾನು ಕೇಳಿರಲಿಲ್ಲ. ಪಟ್ಟಣಕ್ಕೆ ಬಂದೆ, ಕಾರ್ಖಾನೆ ಸೇರಿದೆ, ಸಂಘದ ಚೀಟಿ ಪಡೆದೆ, ಎಲ್ಲರೂ ಸಮಾನರು ಎಂದು ಘೋಷಣೆ ಕೂಗಿದೆ. ಚಿಪ್ಪು ಮಾತ್ರ ಹಸಿರು ಲೋಟವಾಗಿ ನನ್ನ ಹಿಂದೆಯೇ ವಿದ್ಯಾರಣ್ಯಪುರದವರೆಗೆ ಬಂದಿತ್ತು.

ನಾಡಿನಲ್ಲಿ ಇದನ್ನು ಮುರಿಯಲು ಹೊರಟವರು ಇರಲಿಲ್ಲವೆಂದಲ್ಲ. ದೇವರಾಜ ಅರಸರ ಸರ್ಕಾರದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು 1970ರ ದಶಕದ ಆರಂಭದಲ್ಲೇ ಕರ್ನಾಟಕದಲ್ಲಿ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ಇಡೀ ದೇಶಕ್ಕೆ ಆ ಬಗ್ಗೆ ಕಾಯ್ದೆ ಬಂದದ್ದು 1993ರಲ್ಲಿ. ಪೌರಕಾರ್ಮಿಕರ ಬದುಕನ್ನು ಪರಿಶೀಲಿಸಿದ ಐ.ಪಿ.ಡಿ. ಸಾಲಪ್ಪ ಸಮಿತಿ 1976ರಲ್ಲಿ ವರದಿ ಕೊಟ್ಟಿತು. ಸಂಘಗಳು ಇಂದಿಗೂ ಆ ವರದಿಯ ಹೆಸರು ಹೇಳುತ್ತವೆ. ಮೊಮ್ಮಗಳ ಪೌರನೀತಿ ಪಾಠದಲ್ಲಿ ಸಂವಿಧಾನದ 17ನೇ ವಿಧಿ ಇದೆ, ಅಸ್ಪೃಶ್ಯತೆ ರದ್ದಾಗಿದೆ ಎನ್ನುತ್ತದೆ. 23ನೇ ವಿಧಿ ಬಲವಂತದ ದುಡಿಮೆ ಕೂಡದು ಎನ್ನುತ್ತದೆ. ಸರ್ಕಾರ ಗೊತ್ತುಮಾಡಿದ ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸಿದರೆ ಅದೂ ಬಲವಂತದ ದುಡಿಮೆಯೇ ಎಂದು ಸುಪ್ರೀಂ ಕೋರ್ಟ್ 1982ರಲ್ಲಿ, ದೆಹಲಿಯ ಏಷ್ಯನ್ ಕ್ರೀಡಾಕೂಟಕ್ಕೆ ಕಟ್ಟಡ ಕಟ್ಟಿದ ಕೂಲಿಗಾರರ ವಿಷಯದಲ್ಲಿ ಹೇಳಿತು. ಎಲ್ಲ ಪುಸ್ತಕದಲ್ಲಿದೆ. ಪುಸ್ತಕದಿಂದ ನಮ್ಮ ಗೇಟಿನವರೆಗೆ ಬರುವಷ್ಟರಲ್ಲಿ ಎಲ್ಲೋ ದಾರಿ ತಪ್ಪಿತ್ತು.

ಮಾರನೇ ದಿನ, ಜುಲೈ 4ರ ಸೋಮವಾರ, ಬೇಡಿಕೆಗಳ ಬಗ್ಗೆ ಮುಖ್ಯಮಂತ್ರಿಗಳಿಂದ ಲಿಖಿತ ಭರವಸೆ ಸಿಕ್ಕಿ ಮುಷ್ಕರ ಮುಗಿಯಿತು. ನಾಲ್ಕೇ ದಿನ. ಮಂಗಳವಾರ ಪೊರಕೆಯ ಸದ್ದು ಕೇಳುತ್ತಲೇ ನಾನು ಎದ್ದು, ಒಳ್ಳೆಯ ಕಾಫಿ ಬೆರೆಸಿ, ಮನೆಯವರು ಕುಡಿಯುವ ಸ್ಟೀಲ್ ಲೋಟದಲ್ಲಿ ಹಾಕಿ ಗೇಟಿಗೆ ತಂದೆ. ಸುಳ್ಳೇಕೆ, ಮನಸ್ಸಿನಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು. ಏನೋ ದೊಡ್ಡ ಕೆಲಸ ಮಾಡುತ್ತಿದ್ದೇನೆ ಎಂಬಂತೆ ಚಾಚಿದೆ.

ಅವರು ಲೋಟ ನೋಡಿದರು, ನನ್ನ ಮುಖ ನೋಡಿದರು, ಮೀಟರಿನ ಪೆಟ್ಟಿಗೆ ನೋಡಿದರು. ಹಸಿರು ಲೋಟ ಅಲ್ಲಿರಲಿಲ್ಲ. ಎಲ್ಲ ಅರ್ಥವಾಯಿತು ಅಂತ ಕಾಣುತ್ತದೆ. ಕಾಫಿ ತೆಗೆದುಕೊಂಡು ಮೆಲ್ಲಗೆ ಹೇಳಿದರು: "ಲೋಟ ಯಾವ್ದಾದ್ರೂ ಕಾಫಿ ಒಂದೇ ಅಮ್ಮ. ಬಾತ್‌ರೂಮ್ ಎಲ್ಲಿ ಅಂತ ಹೇಳಿ. ಬೆಳಗ್ಗೆ ಆರೂವರೆಗೆ ಹಾಜರಿ ಹಾಕಿದ್ರೆ, ಮನೆಗೆ ಹೋಗೋದು ಮಧ್ಯಾಹ್ನ. ಅದಕ್ಕೇ ನಾನು ನೀರೇ ಕುಡಿಯಲ್ಲ ಜಾಸ್ತಿ."

ನನ್ನ ಹೆಮ್ಮೆ ಅಲ್ಲೇ ಇಳಿಯಿತು.

ಕಾರ್ಖಾನೆಯಲ್ಲಿ ನಮಗೆ ಹೆಂಗಸರಿಗೆ ಬೇರೆ ಶೌಚಾಲಯ ಇತ್ತು, ಕ್ಯಾಂಟೀನ್ ಇತ್ತು, ನನ್ನ ಮಗ ಬೆಳೆದದ್ದೇ ಅಲ್ಲಿನ ಶಿಶುವಿಹಾರದಲ್ಲಿ. ಅವೆಲ್ಲ ಇರಲೇಬೇಕು ಅಂತ 1948ರ ಕಾರ್ಖಾನೆ ಕಾಯ್ದೆ ಹೇಳುತ್ತಿತ್ತು, ಹೇಳಿದ್ದನ್ನು ಮಾಡಿಸಲು ಸಂಘ ಕಾವಲಿತ್ತು. ಇವರಿಗೆ ಬೀದಿಯೇ ಕಾರ್ಖಾನೆ. ಅದಕ್ಕೆ ಗೋಡೆ ಇಲ್ಲ, ಬಾಗಿಲಿಲ್ಲ. ಎಂಟು ವರ್ಷ ನಾನು ನೀರು ಕೊಟ್ಟೆ ಅಂತ ಬೀಗುತ್ತಿದ್ದೆ. ಅವರು ಆ ನೀರನ್ನು ಎರಡೇ ಗುಟುಕು ಕುಡಿದು ನಿಲ್ಲಿಸುತ್ತಿದ್ದದ್ದು ಯಾಕೆ ಅಂತ ನನಗೆ ಹೊಳೆದಿರಲಿಲ್ಲ.

ಅವತ್ತೇ ನಮ್ಮ ಮನೆಯ ಪಕ್ಕದ ಓಣಿಯಲ್ಲಿರುವ ಬಾತ್‌ರೂಮಿನ ಬೀಗ ತೆಗೆದೆವು. ಬೀದಿಯ ಇನ್ನೆರಡು ಮನೆಯವರೂ ಒಪ್ಪಿದರು. ಒಂದು ಮನೆಯವರು ಒಪ್ಪಲಿಲ್ಲ. ನಾನು ಜಗಳಕ್ಕೆ ಹೋಗಲಿಲ್ಲ. ನನಗೇ ಅರವತ್ತೇಳು ವರ್ಷ ಬೇಕಾಯಿತಲ್ಲ.

2022ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟ 11,133 ಪೌರಕಾರ್ಮಿಕರನ್ನು ಕಾಯಂ ಮಾಡಲು ಒಪ್ಪಿತು. ಒಪ್ಪಿದ್ದು ಕೈಗೆ ಬರಲು ಇನ್ನೂ ಕಾಯಬೇಕಾಯಿತು. ಪೊಲೀಸ್ ಪರಿಶೀಲನೆ, ವಯಸ್ಸಿನ ದಾಖಲೆ, ಆ ಚೀಟಿ, ಈ ಚೀಟಿ. ಮೊಮ್ಮಗಳು ನಮ್ಮ ಊಟದ ಮೇಜಿನ ಮೇಲೆ ಅವರ ಅರ್ಜಿ ತುಂಬಿಕೊಟ್ಟಳು. ಕೊನೆಗೆ 2025ರ ಮೇ 1ರಂದು, ಕಾರ್ಮಿಕರ ದಿನ, ಮುಖ್ಯಮಂತ್ರಿ ಸಿದ್ದರಾಮಯ್ಯನವರು ಬೆಂಗಳೂರಿನ 12,692 ಪೌರಕಾರ್ಮಿಕರಿಗೆ ಕಾಯಂ ನೇಮಕಾತಿ ಪತ್ರ ಕೊಡುವ ಕಾರ್ಯಕ್ರಮ ನಡೆಯಿತು. ನಮ್ಮ ಬೀದಿಯವರೂ ಅದರಲ್ಲಿದ್ದರು.

ಮಾರನೇ ದಿನ ಆ ಪತ್ರವನ್ನು ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿಟ್ಟು ತೋರಿಸಲು ತಂದರು. ನಾನು ಕನ್ನಡಕ ಹಾಕಿಕೊಂಡು ಮೊದಲಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದೆ. ಅವರ ಹೆಸರು ಬಂದಾಗ "ಇನ್ನೊಂದ್ಸಲ ಓದಿ" ಅಂದರು. ಇನ್ನೊಂದು ಸಲ ಓದಿದೆ. ಈಗ ಏನು ಮಾಡುತ್ತೀರಿ ಅಂತ ಕೇಳಿದರೆ ಅವರು ಸಂಬಳದ ಮಾತೇ ಎತ್ತಲಿಲ್ಲ. "ಮಗಳ ಬಾಣಂತನಕ್ಕೆ ರಜೆ ಕೇಳ್ತೀನಮ್ಮ. ಕೇಳಿದ್ರೆ ಕೆಲಸ ಹೋಗಲ್ಲ ಅಲ್ವಾ ಈಗ?" ಅಂದರು.

ಕೇಳಿದರೆ ಕೆಲಸ ಹೋಗುವುದಿಲ್ಲ. ಕಾಯಂ ಅನ್ನುವ ಎರಡಕ್ಷರಕ್ಕೆ ಇದಕ್ಕಿಂತ ಒಳ್ಳೆಯ ಅರ್ಥ ಯಾವ ನಿಘಂಟಿನಲ್ಲೂ ಇರಲಾರದು.

ಕಥೆ ಇಲ್ಲಿಗೆ ಮುಗಿಯಿತು ಅಂತ ಬರೆಯಲು ಹೊರಟೆ. ಮೊಮ್ಮಗಳು ತಡೆದಳು. "ಆಟೋ ಅಣ್ಣಂದಿರ ವಿಷಯ ಬಿಟ್ರಲ್ಲ?" ಹೌದು. ಮನೆ ಮನೆಯ ಕಸ ಒಯ್ಯುವ ಆಟೋ ಓಡಿಸುವವರು, ಅದರ ಜತೆ ಬರುವ ಸಹಾಯಕರು ಆ ಪಟ್ಟಿಯಲ್ಲಿ ಇರಲಿಲ್ಲ. ಅವರದು ಇನ್ನೂ ಗುತ್ತಿಗೆಯೇ. ಅವರನ್ನೂ ಕಾಯಂ ಮಾಡಿ ಅಂತ ಸಂಘಗಳು ಕೇಳುತ್ತಿವೆ. ಪತ್ರ ಸಿಕ್ಕಿದ ಮೇಲೂ ನಮ್ಮ ಬೀದಿಯವರು ಸಂಘದ ಸಭೆಗೆ ಹೋಗುವುದು ಬಿಟ್ಟಿಲ್ಲ. "ನಮಗಾಯ್ತು ಅಂತ ಕೂತ್ರೆ ಆಯ್ತಾ?" ಅನ್ನುತ್ತಾರೆ. ಕಾಯಂ ನೌಕರಿಯಲ್ಲಿ ಮೂವತ್ತೈದು ವರ್ಷ ಕಳೆದ ನಾನು ಒಂದು ದಿನವೂ ಕೇಳಿಕೊಳ್ಳದ ಪ್ರಶ್ನೆ ಅದು.

ಮಕ್ಕಳೇ, ನೀವು ಮುಷ್ಕರಕ್ಕೆ ಹೋಗಬೇಕಾಗಿಲ್ಲ. ಮೊಮ್ಮಗಳು ಮನೆಯಲ್ಲಿ ಮಾಡಿರುವ ಏರ್ಪಾಡು ಹೇಳುತ್ತೇನೆ. ಹಸಿ ಕಸಕ್ಕೆ ಹಸಿರು ಬುಟ್ಟಿ, ಡೈಪರ್, ಬ್ಯಾಂಡೇಜ್‌ನಂಥದ್ದಕ್ಕೆ ಕೆಂಪು ಬುಟ್ಟಿ, ಒಣ ಕಸಕ್ಕೆ ಒಂದು ಚೀಲ. ಕಸ ಬೇರೆ ಬೇರೆ ಮಾಡುವುದು ಬೆಂಗಳೂರಿನಲ್ಲಿ ನಿಯಮವೇ. ಒಡೆದ ಗಾಜು, ಹಳೇ ಬ್ಲೇಡು ಇದ್ದರೆ ದಪ್ಪ ಪೇಪರಿನಲ್ಲಿ ಸುತ್ತಿ, ಮೇಲೆ ಕೆಂಪು ಪೆನ್ನಿನಲ್ಲಿ ಗುಣಿಸು ಗುರುತು ಹಾಕುತ್ತಾಳೆ. "ಆ ಕಡೆ ಒಂದು ಕೈ ಇದೆ ಅಜ್ಜಿ" ಅನ್ನುತ್ತಾಳೆ. ಮತ್ತೊಂದು ಕೆಲಸ ನೀವು ನಾಳೆ ಬೆಳಗ್ಗೆಯೇ ಮಾಡಬಹುದು. ನಿಮ್ಮ ಬೀದಿ ಗುಡಿಸುವವರ ಹೆಸರು ಕೇಳಿ. ಅಜ್ಜ ಅಜ್ಜಿಗೆ ಗೊತ್ತಿದೆಯೇ ಅಂತ ಮೊದಲು ಅವರನ್ನು ಕೇಳಿ ನೋಡಿ. ಗೊತ್ತಿಲ್ಲದಿದ್ದರೆ ನಗಬೇಡಿ, ಅವರನ್ನೂ ಗೇಟಿಗೆ ಕರೆದುಕೊಂಡು ಹೋಗಿ.

ಹಸಿರು ಲೋಟ ಏನಾಯಿತು ಅಂದಿರಾ? ಎಸೆಯಲು ಹೋದರೆ ಮೊಮ್ಮಗಳು ಬಿಡಲಿಲ್ಲ. ಈಗ ಅದು ಜಗಲಿಯ ಗಿಡಗಳ ಹತ್ತಿರ ಇದೆ. ತುಳಸಿಗೆ ನೀರು ಹಾಕುವಾಗ ದಿನಾ ಕೈಗೆ ಸಿಗುತ್ತದೆ. ಸಿಗಲಿ ಅಂತಲೇ ಅಲ್ಲಿಟ್ಟಿದ್ದಾಳೆ.